ದೊಡ್ಡಮ್ಮನ ಕೈಗುಣ ಮತ್ತು ಡೇರಿಯ ನೀಲಿ ಪರದೆ

ಮೊದಲೇ ಹೇಳಿಬಿಡುತ್ತೇನೆ: ನಮ್ಮ ದೊಡ್ಡಮ್ಮನ ಕೈಗುಣ ಸರಿಯಿಲ್ಲ ಎಂಬ ಮಾತನ್ನು ಊರಿಗೆ ಹಬ್ಬಿಸಿದವನು ನಾನೇ. ಹಬ್ಬಲಿ ಎಂದು ಹೇಳಿದ್ದಲ್ಲ, ನಗಲಿ ಎಂದು ಹೇಳಿದ್ದು. ನನ್ನ ಬಾಯಿಂದ ಬೀಳುವ ಮುಕ್ಕಾಲು ಪಾಲು ಮಾತು ಹೀಗೆಯೇ. ಜನ ನಕ್ಕರೋ ಇಲ್ಲವೋ ಎಂದು ನೋಡುವಲ್ಲಿಗೆ ನನ್ನ ಜವಾಬ್ದಾರಿ ಮುಗಿಯಿತು ಅಂದುಕೊಂಡಿರುತ್ತೇನೆ.

ಹೊಟ್ಟೆಪಾಡಿಗೆ ನಾನು ಚನ್ನಪಟ್ಟಣದ ಒಂದು ಮೊಬೈಲ್ ಅಂಗಡಿಯಲ್ಲಿ ಫೋನಿನ ಮೇಲೆ ಗಾಜು ಅಂಟಿಸುತ್ತೇನೆ. ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ ಎಲ್ಲಿಗಾದರೂ ಕರೆದರೆ ಮಿಮಿಕ್ರಿ ಮಾಡುತ್ತೇನೆ. ಎರಡರಲ್ಲೂ ಅಂಥ ಹೇಳಿಕೊಳ್ಳುವ ಪ್ರತಿಭೆಯೇನಿಲ್ಲ. ನಾನು ಅಂಟಿಸಿದ ಗಾಜಿನಡಿ ಒಂದಾದರೂ ಗುಳ್ಳೆ ಉಳಿಯುತ್ತದೆ, ನನ್ನ ಮಂತ್ರಿಗಳೆಲ್ಲ ಒಂದೇ ದನಿಯಲ್ಲಿ ಕೆಮ್ಮುತ್ತಾರೆ. ಆದರೆ ನೆಂಟರ ಕಣ್ಣಲ್ಲಿ, ಮೊಬೈಲ್ ಅಂಗಡಿಯಲ್ಲಿ ನಿಂತವನು ಕಂಪ್ಯೂಟರ್ ಇಂಜಿನಿಯರೇ.

ನಾನು ನಿಜವಾಗಿ ಚೆನ್ನಾಗಿ ಮಾಡುವುದು ಒಂದೇ ಪಾತ್ರ, ಅದು ನಮ್ಮ ದೊಡ್ಡಮ್ಮ, ಅಮ್ಮನ ಅಕ್ಕ. ಸಾತನೂರು ಕಡೆಯ ಒಂದು ಹಳ್ಳಿಯ ಮಹಿಳಾ ಡೇರಿಗೆ ಅವಳು ಸೆಕ್ರೆಟರಿ. ಫೋನು ಎತ್ತಿದರೆ ಯಾರೆಂದು ಕೇಳುವ ಮೊದಲೇ "ಊಟ ಆಯ್ತಾ?" ಅನ್ನುತ್ತಾಳೆ. ಸೀನು ಬಂದರೆ ಸೆರಗು ಹುಡುಕುವಷ್ಟರಲ್ಲಿ ಸೀನೇ ಹೊರಟುಹೋಗಿರುತ್ತದೆ. ಮತ್ತೆ ಅವಳ ನಮಸ್ಕಾರ. ಯಾವ ವಸ್ತುವನ್ನೇ ಆಗಲಿ ಕೆಲಸಕ್ಕೆ ಹಚ್ಚುವಾಗ ಅದರ ಮೇಲೆ ಅಂಗೈ ಇಟ್ಟು, ಏನಾದರೂ ಬೇಡಿಕೊಂಡು, ಕಣ್ಣಿಗೆ ಒತ್ತಿಕೊಳ್ಳಬೇಕು. ತಕ್ಕಡಿ, ಮಿಕ್ಸಿ, ಗ್ಯಾಸ್ ಒಲೆ, ಯಾವುದೂ ಬಿಟ್ಟಿಲ್ಲ. ನನ್ನ ಬೈಕ್ ಹತ್ತುವ ಮೊದಲು ಸೀಟಿಗೂ ನಮಸ್ಕಾರ ಆಗುತ್ತದೆ, ಅದು ಮಾತ್ರ ಭಕ್ತಿಯಲ್ಲ, ಭಯ. ಇದನ್ನೆಲ್ಲ ನಾನು ನೆಂಟರ ಮನೆಗಳಲ್ಲಿ ಮಾಡಿ ತೋರಿಸಿ ಎಷ್ಟು ನಗಿಸಿದ್ದೇನೆಂದರೆ, ನಾನು ಎದುರಿಗಿದ್ದರೆ ಅವಳು ಬೆರಳ ತುದಿ ತಾಗಿಸಿ ಬೇಗ ಕೈ ಎಳೆದುಕೊಂಡುಬಿಡುತ್ತಾಳೆ.

ಒಂದು ದಿನ ಬೆಳಿಗ್ಗೆ ಅವಳ ಫೋನು ಬಂತು.

"ಊಟ ಆಯ್ತಾ? ಲೇ ಮಗ, ಡೇರಿ ಕಂಪ್ಯೂಟರ್ ಎದ್ದೇಳ್ತಾ ಇಲ್ಲ ಕಣ್ಲಾ. ನೀಲಿ ಬಣ್ಣ ಬಂದು ನಿಂತ್ಕೊಂಡೈತೆ. ಬರೀ ಇಂಗ್ಲಿಷು."

"ಆಫ್ ಮಾಡಿ ಆನ್ ಮಾಡು ದೊಡ್ಡಮ್ಮ."

"ಮಾಡ್ದೆ. ಮತ್ತೂ ಅದೇ. ಇನ್ನೊಂದ್ಸಲ ಮಾಡ್ದೆ. ಕೊನೇಗೆ ನಮ್ ಸ್ಯಾಂಪಲ್ ಅಕ್ಕ ಬಂದು ಒತ್ತಿದ್ಲು, ಸರಿಯಾಗಿ ಎದ್ದು ಕುಂತ್ಕೊಂಡ್ತು. ಯಾಕ್ಲಾ?"

ಸ್ಯಾಂಪಲ್ ಅಕ್ಕ ಅಂದರೆ ಡೇರಿಗೆ ಬಂದ ಹಾಲಿನಿಂದ ಒಂದು ಲೋಟ ತೆಗೆದು ಪರೀಕ್ಷೆಗೆ ಇಡುವವಳು. ಕಂಪ್ಯೂಟರಿಗೂ ಅವಳಿಗೂ ಸ್ವಿಚ್ಚಿನಷ್ಟೇ ಸಂಬಂಧ. ನನಗೆ ಕಾರಣ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ಇರಲಿಲ್ಲ.

"ಇನ್ನೇನು, ನಿನ್ ಕೈಗುಣ ಸರಿಯಿಲ್ಲ ಬುಡು," ಅಂದೆ.

ದೊಡ್ಡಮ್ಮ ಫೋನನ್ನು ಕಿವಿಗೆ ಇಟ್ಟುಕೊಳ್ಳುವುದಿಲ್ಲ, ಯಾವಾಗಲೂ ಸ್ಪೀಕರ್ ಹಾಕಿ ರೊಟ್ಟಿಯ ಹಾಗೆ ಅಂಗೈ ಮೇಲೆ ಹಿಡಿದಿರುತ್ತಾಳೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಗೊಳ್ಳೆಂದು ನಕ್ಕಿದ್ದು ಚನ್ನಪಟ್ಟಣದ ತನಕ ಕೇಳಿಸಿತು. ಬೆಳಿಗ್ಗೆ ಬೆಳಿಗ್ಗೆ ಇಷ್ಟು ದೊಡ್ಡ ನಗು ಸಿಕ್ಕಿತಲ್ಲ ಎಂದು ಹಿಗ್ಗಿದೆ.

ಆ ನಗು ಅಲ್ಲಿಗೇ ನಿಲ್ಲಲಿಲ್ಲ. ಕೆಲವು ದಿನ ಕಂಪ್ಯೂಟರ್ ಸರಿಯಾಗಿ ಏಳುತ್ತಿತ್ತು, ಕೆಲವು ದಿನ ನೀಲಿ ಪರದೆ. ದೊಡ್ಡಮ್ಮ ಒತ್ತಿದರೆ ಮಾತ್ರ ಹೀಗೆ, ಬೇರೆ ಯಾರು ಒತ್ತಿದರೂ ಏನೂ ಇಲ್ಲ. ಕಂಪ್ಯೂಟರ್ ಏಳದೆ ತೂಕವಿಲ್ಲ, ಚೀಟಿಯಿಲ್ಲ. ಹಾಲಿನ ಗಾಡಿ ಬಂದು ಹಾರ್ನು ಹೊಡೆಯುತ್ತ ನಿಲ್ಲುತ್ತಿತ್ತು. ಮೊದಮೊದಲು ತಮಾಷೆಗೆ "ಅಕ್ಕ, ನೀನು ಒಸಿ ಈಚೆ ಬಾ, ಅವ್ಳು ಒತ್ಲಿ" ಅನ್ನುತ್ತಿದ್ದವರು ಆಮೇಲೆ ಅದನ್ನೇ ನಗದೆ ಹೇಳತೊಡಗಿದರು.

ಡೇರಿಯ ಅಧ್ಯಕ್ಷೆಯ ಗಂಡ ಈ ಮಾತನ್ನು ಬಿಗಿಯಾಗಿ ಹಿಡಿದುಕೊಂಡರು. ಮಹಿಳಾ ಡೇರಿಯಾದ್ದರಿಂದ ಅಧ್ಯಕ್ಷೆ ಅವರ ಹೆಂಡತಿ. ಅಧಿಕಾರದ ಮಾತು ಮಾತ್ರ ಇವರದು. ಒಳಗೆ ನೆಲ ಯಾವಾಗಲೂ ಒದ್ದೆ, ಇವರು ಚಪ್ಪಲಿ ಬಿಡುವವರಲ್ಲ. ಹಾಗಾಗಿ ಹೊಸಿಲಾಚೆ ನಿಂತು ಬಾಗಿಲ ಚೌಕಟ್ಟಿಗೆ ಕೈಕೊಟ್ಟು ಒಳಗಿನವರಿಗೆಲ್ಲ ಬುದ್ಧಿ ಹೇಳುತ್ತಾರೆ. ಅವರನ್ನು ಅನುಕರಿಸುವುದು ಬಹಳ ಸುಲಭ, ಒಂದು ಬಾಗಿಲಿದ್ದರೆ ಸಾಕು.

"ಹಾಲಿನ ಜಾಗ ಇದು. ಒಳ್ಳೆ ಕೈ ಇರ್ಬೇಕು," ಎಂದು ಶುರು ಮಾಡಿದರಂತೆ. "ನಮ್ ಸೊಸೆ ಕಂಪ್ಯೂಟರ್ ಕಲ್ತವ್ಳೆ, ಮನೇಲಿ ಸುಮ್ನೆ ಅವ್ಳೆ. ಬರೋ ಕಮಿಟೀಲಿ ಒಂದು ತೀರ್ಮಾನ ಮಾಡಾನ."

ಇದನ್ನು ಹೇಳಲು ದೊಡ್ಡಮ್ಮ ಮತ್ತೆ ಫೋನ್ ಮಾಡಿದಳು.

"ನನ್ನ ಕುರ್ಚಿಯಿಂದ ಎಬ್ಬಿಸ್ತಾರಂತೆ ಕಣ್ಲಾ."

ಅಷ್ಟೇ. ಊಟ ಆಯ್ತಾ ಎಂದು ಕೇಳಲಿಲ್ಲ. ಹಿಂದೆ ಯಾರ ಸದ್ದೂ ಇಲ್ಲ. ಅವತ್ತು ಅವಳು ಸ್ಪೀಕರ್ ಹಾಕಿರಲಿಲ್ಲ, ಫೋನನ್ನು ಕಿವಿಗೆ ಒತ್ತಿಕೊಂಡಿದ್ದಳು. ಅವಳು ಆ ಕಂಪ್ಯೂಟರ್ ಕಲಿತದ್ದು ನನಗೆ ಗೊತ್ತು. ಕೀಗಳ ಮೇಲೆ ಬೆರಳು ಇಟ್ಟುಕೊಂಡು ಒಂದೊಂದೇ ಅಕ್ಷರ ಹುಡುಕುತ್ತ, ಪ್ರತಿ ಮನೆಯ ಹೆಸರನ್ನೂ ಬಾಯಲ್ಲಿ ಹೇಳಿಕೊಂಡು ಒತ್ತುತ್ತಿದ್ದಳು. ಊರಲ್ಲಿ ಅವಳನ್ನು ಇಂಥವರ ಹೆಂಡತಿ, ಇಂಥವರ ತಾಯಿ ಅನ್ನದೆ 'ಸೆಕ್ರೆಟರಿ' ಅಂದದ್ದು ಆ ಕುರ್ಚಿಗೆ ಬಂದಮೇಲೆ.

ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಹೊರಟೆ.

ನಾನು ಹೋದ ದಿನ ಕಂಪ್ಯೂಟರ್ ಸಾಧು ಹಸುವಿನ ಹಾಗಿತ್ತು. ನಾನು ಒತ್ತಿದೆ, ಎದ್ದಿತು. ದೊಡ್ಡಮ್ಮ ಒತ್ತಿದಳು, ಎದ್ದಿತು. "ನೀನು ಬಂದಿದ್ಕೆ ಮರ್ವಾದೆ ಕೊಡ್ತಾ ಐತೆ," ಎಂದಳು. ಮಾರನೆ ಬೆಳಿಗ್ಗೆ ನಾನು ಚನ್ನಪಟ್ಟಣದಲ್ಲಿದ್ದೆ, ಅಲ್ಲಿ ಮತ್ತೆ ನೀಲಿ ಪರದೆ.

ಕನಕಪುರದ ಒಬ್ಬ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. ಅದು ಬಯೋಸ್, ಅಂದರೆ ಕಂಪ್ಯೂಟರ್ ಕೆಲಸ ಶುರು ಮಾಡುವ ಮುಂಚಿನ ಒಳ ಸೆಟ್ಟಿಂಗಿನ ಪುಟ ಎಂದ. "ಒಳ್ಗಿರೋ ಸೆಲ್ಲು ಸತ್ರೆ ಹಂಗಾಯ್ತದೆ. ತಾರೀಕು ಹಿಂದಕ್ಕೆ ಹೋಗಿತ್ತಾ?" ಹೋಗಿರಲಿಲ್ಲ. ಆದರೂ ಗೊತ್ತಿದ್ದವನ ಹಾಗೆ ತಲೆಯಾಡಿಸಿ ಸೆಲ್ಲು ತಂದು ಹಾಕಿದೆ. ಹಳೆಯದನ್ನು ತೆಗೆದಾಗ ತಾರೀಕು ಹಿಂದಕ್ಕೆ ಓಡಿತ್ತು. ಅದನ್ನು ಸರಿಮಾಡಬೇಕೆಂಬುದು ಈ ಇಂಜಿನಿಯರಿಗೆ ಹೊಳೆಯಲಿಲ್ಲ. ಸಂಜೆ ಹಾಲಿನ ಚೀಟಿ ಹಿಡಿದು ಒಬ್ಬಳು ಬಂದಳು.

"ಏನಪ್ಪ ಇದು? ಈ ತಾರೀಕಿಗೆ ನಮ್ ಹಸ ಹುಟ್ಟೇ ಇರ್ಲಿಲ್ಲ. ಹಾಲು ನಾನ್ ಕೊಟ್ಟಿದ್ನಾ?"

ತಾರೀಕು ಸರಿಯಾಯಿತು, ನೀಲಿ ಪರದೆ ಹೋಗಲಿಲ್ಲ. ಆಮೇಲೆ ಡಿಸ್ಕಿನ ವೈರು ಬದಲಿಸಿದೆ. ಡಬ್ಬ ಬಿಚ್ಚಿ ಒಲೆ ಊದಿದ ಹಾಗೆ ಊದಿದೆ. ಒಳಗಿದ್ದ ಧೂಳೆಲ್ಲ ನನ್ನ ಮುಖಕ್ಕೆ ಬಂತು. ದೊಡ್ಡಮ್ಮ ಸೆರಗಿನಿಂದ ಒರೆಸುತ್ತ, "ಅದು ರಿಪೇರಿ ಆಗ್ದಿದ್ರೂ ಬುಡ್ಲಾ, ನೀನು ಕಣ್ ಕಳ್ಕೊಂಡೀಯ," ಎಂದಳು. ಕುರ್ಚಿ ಹೋಗುವುದು ಅವಳದು, ಅವಳ ಚಿಂತೆ ನನ್ನ ಕಣ್ಣಿನದು.

ಕಮಿಟಿಯ ದಿನ ಬೆಳಿಗ್ಗೆ ಬೇಗ ಬಂದೆ. ಮನೆಯಲ್ಲಿ ಹಸು ಕಾಲಾಡಿಸಿ ತಂಬಿಗೆ ಚೆಲ್ಲಿತೆಂದು ದೊಡ್ಡಮ್ಮ ಹಿಂದೆ ಉಳಿದಿದ್ದಳು. ಬೀಗದ ಕೈ ನನ್ನ ಹತ್ತಿರ. ಹೆಂಗಸರು ಆಗಲೇ ಸಾಲು ಕಟ್ಟಿದ್ದರು.

"ಎಲ್ಲಪ್ಪ ನಿಮ್ ದೊಡ್ಡಮ್ಮ?"

"ನಾನೇ ಕಣವ್ವ. ಊಟ ಆಯ್ತಾ?" ಎಂದೆ ಅವಳ ದನಿಯಲ್ಲಿ.

ಸಾಲು ಅಲುಗಿತು. ಅಷ್ಟು ಸಿಕ್ಕರೆ ನನ್ನನ್ನು ಹಿಡಿಯುವವರಿಲ್ಲ. ಟವೆಲ್ಲನ್ನು ಸೆರಗಿನ ಹಾಗೆ ತಲೆ ಮೇಲೆ ಎಳೆದುಕೊಂಡೆ. ಸೊಂಟಕ್ಕೆ ಕೈಕೊಟ್ಟು ಅವಳ ಹಾಗೇ ನಡೆದು ಹೋಗಿ ಕಂಪ್ಯೂಟರಿನ ಸ್ವಿಚ್ಚು ಒತ್ತಿದೆ. ಕೀಬೋರ್ಡಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದೆ. "ಶಿವನೇ, ಕರೆಂಟು ಹೋಗ್ದಿರ್ಲಿ. ಗಾಡಿ ತಡವಾಗ್ದಿರ್ಲಿ. ಎಲ್ಲಾರ್ ಹಸನೂ ಚೆಂದಾಗಿರ್ಲಿ. ನನ್ ತಂಗಿ ಮಗಂಗೆ ಒಸಿ ಬುದ್ಧಿ ಬರ್ಲಿ..." ನಗು ಏರಿದಷ್ಟೂ ಪ್ರಾರ್ಥನೆ ಉದ್ದವಾಯಿತು.

ಥಟ್ಟನೆ ನಗು ನಿಂತಿತು. ಕಣ್ಣು ಬಿಟ್ಟರೆ ಎದುರಿಗೆ ನೀಲಿ ಪರದೆ.

ಒಂದು ಗಳಿಗೆ ನನ್ನ ಕೈಗುಣವೂ ಕೆಟ್ಟಿತು ಅಂದುಕೊಂಡೆ. ಆಮೇಲೆ ಕೈಯನ್ನು ನೋಡಿದೆ. ಅಂಗೈ ಕೂತಿದ್ದದ್ದು ಕೀಬೋರ್ಡಿನ ಬಲಗಡೆ, ಡಿಲೀಟ್ ಕೀ ಮೇಲೆ. ಏಳುತ್ತಿರುವ ಕಂಪ್ಯೂಟರಿನಲ್ಲಿ ಆ ಕೀ ಅದುಮಿ ಹಿಡಿದರೆ, ಇವನಿಗೆ ಒಳ ಸೆಟ್ಟಿಂಗ್ ಬೇಕಾಗಿದೆ ಎಂದುಕೊಂಡು ಅದು ಆ ಪುಟವನ್ನೇ ತೆರೆಯುತ್ತದೆ. ಆಫ್ ಮಾಡಿ, ಕೈ ಬೆನ್ನ ಹಿಂದೆ ಕಟ್ಟಿಕೊಂಡು ಸಾಲಿನಲ್ಲಿದ್ದ ಒಬ್ಬಳ ಕೈಲಿ ಆನ್ ಮಾಡಿಸಿದೆ. ಸರಿಯಾಗಿ ಎದ್ದಿತು. ಮತ್ತೆ ಆಫ್ ಮಾಡಿ, ಆನ್ ಮಾಡಿ ಅಂಗೈ ಊರಿದೆ, ಮತ್ತೆ ನೀಲಿ.

ಎಲ್ಲವೂ ತಿಳಿಯಿತು. ಮನಸ್ಸು ನೆಮ್ಮದಿಯಾಗಿದ್ದ ದಿನ ಅವಳ ಪ್ರಾರ್ಥನೆ ಚಿಕ್ಕದು, ಕಂಪ್ಯೂಟರ್ ಸರಿಯಾಗಿ ಏಳುತ್ತಿತ್ತು. ಹಸುವಿಗೆ ಹುಷಾರಿಲ್ಲ, ಮೊಮ್ಮಗಳಿಗೆ ಪರೀಕ್ಷೆ ಎಂಬಂಥ ದಿನ ಕೈ ಅಲ್ಲೇ ಉಳಿಯುತ್ತಿತ್ತು. ನೀಲಿ ಬಂದರೆ ಇನ್ನೂ ಗಟ್ಟಿಯಾಗಿ ಬೇಡಿಕೊಳ್ಳುತ್ತಿದ್ದಳು, ಅದು ಇನ್ನೂ ಗಟ್ಟಿಯಾಗಿ ನೀಲಿ ತೋರಿಸುತ್ತಿತ್ತು. ನಾನು ಎದುರಿಗಿದ್ದರೆ, ಎಲ್ಲಿ ಅಣಕಿಸುತ್ತೇನೋ ಎಂದು ಬೇಗ ಕೈ ತೆಗೆಯುತ್ತಿದ್ದಳು. ನಾನಾಡಿದ ಕೈಗುಣದ ಮಾತು ಹಬ್ಬಿದ ಮೇಲಂತೂ ಪಾಪ, ಅವಳ ಪ್ರಾರ್ಥನೆಗೆ ಕೊನೆಯೇ ಇರಲಿಲ್ಲ. ನಾನು ವರ್ಷಗಟ್ಟಲೆ ಮಾಡಿ ತೋರಿಸುತ್ತಿದ್ದ ನಮಸ್ಕಾರದಲ್ಲೇ ಇದ್ದ ದೋಷವನ್ನು ಡಬ್ಬದೊಳಗೆ ಊದಿ ಹುಡುಕಿದ್ದೆ.

ತಿರುಗಿ ನೋಡಿದರೆ ದೊಡ್ಡಮ್ಮ ಹಾಲಿನ ಕ್ಯಾನು ಹಿಡಿದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಯಾವಾಗ ಬಂದಳೋ.

"ನಾನು ಹಿಂಗಾ ಮಾಡೋದು?"

"ಹಿಂಗೇ."

"ಸೆರಗು ಅಷ್ಟೊಂದು ಎಳ್ಕೊಳಲ್ಲ ಕಣ್ಲಾ ನಾನು," ಎಂದು ಟವೆಲ್ಲನ್ನು ನನ್ನ ತಲೆಯಿಂದ ತೆಗೆದು ಹೆಗಲಿಗೆ ಹಾಕಿದಳು. ನಾನಾಡಿದ ಕೈಗುಣದ ಮಾತಿಗೆ ಅವಳಿಂದ ಸಿಕ್ಕ ಶಿಕ್ಷೆ ಅಷ್ಟೇ. ಅದಕ್ಕಿಂತ ಎರಡು ಏಟು ಹಾಕಿದ್ದರೆ ಹಗುರವಾಗುತ್ತಿತ್ತು.

ಹಾಲಿನ ಗಾಡಿ ಹೋದಮೇಲೆ ಅದೇ ಕೋಣೆಯಲ್ಲಿ ಕಮಿಟಿ ಕೂತಿತು. ಎಲ್ಲರ ಮುಂದೆ ಇನ್ನೊಂದು ಸಲ ಮಾಡಿ ತೋರಿಸಿದೆ, ಈ ಸಲ ಟವೆಲ್ ಇಲ್ಲದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಧ್ಯಕ್ಷೆಯ ಗಂಡ ಮಾತ್ರ ತಮ್ಮ ಎಂದಿನ ಜಾಗದಲ್ಲಿ, ಹೊಸಿಲಾಚೆ, ಚೌಕಟ್ಟಿಗೆ ಕೈಕೊಟ್ಟು ನಿಂತೇ ಇದ್ದರು.

"ಹಂಗಾರೆ ಕೊನೇಗೆ ಅವ್ಳ ಕೈಯಿಂದ್ಲೇ ಆಗಿದ್ದು ತಾನೆ? ನಾನೂ ಅದನ್ನೇ ಅಲ್ವಾ ಹೇಳ್ತಿದ್ದಿದ್ದು?"

ಲೆಕ್ಕಕ್ಕೆ ಅದು ನಿಜವೇ. ದೊಡ್ಡಮ್ಮ ಕುರ್ಚಿಯಿಂದ ಏಳಲಿಲ್ಲ. ಕೀಬೋರ್ಡನ್ನು ಒಸಿ ಆಚೆ ಸರಿಸಿ ಅವರ ಕಡೆ ತಿರುಗಿದಳು. ಇವತ್ತಿಗೂ ಆ ಕುರ್ಚಿ ಅವಳದೇ, ಈಗ ನಮಸ್ಕಾರ ಕಂಪ್ಯೂಟರಿನ ನೆತ್ತಿಗೆ ಹೋಗುತ್ತದೆ. ಸೊಸೆಯ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಎತ್ತುವ ಹಾಗೆ ದೊಡ್ಡಮ್ಮ ಬಿಡಲಿಲ್ಲ. ಅವತ್ತು ಅವಳು ಅಂದದ್ದು ಇಷ್ಟೇ:

"ಹೂಂ ಕಣಣ್ಣ, ಕೈ ನಂದೇ. ನಾನು ಕೈ ಮುಗ್ದೆ, ಅದು ಒಳಗಡೇದನ್ನೆಲ್ಲ ತೆಗ್ದು ತೋರಿಸ್ತು. ನೀವು ಇಷ್ಟು ದಿನದಿಂದ ಬಾಗ್ಲಲ್ಲೇ ನಿಂತ್ಕೊಂಡು ಕೂಗ್ತಾ ಇದ್ದೀರಲ್ಲ, ನಿಮ್ಗೇನ್ ತೋರಿಸ್ತು?"