ಜರ್ಮನಿಯದೋ, ಜಪಾನಿನದೋ

ಅಜ್ಜಂಪುರದ ನಮ್ಮ ಮನೆ ಪಕ್ಕದ ಶೆಡ್ಡಿನಲ್ಲಿ ಎರಡು ಹಳೆ ಕಾರುಗಳಿದ್ದವು. ಒಂದು ಜರ್ಮನಿಯದು, ಒಂದು ಜಪಾನಿನದು. ಎರಡಕ್ಕೂ ನಾಲ್ಕು ಬಾಗಿಲು, ಆದರೆ ಎರಡನ್ನೂ ಮಾಡಿದ್ದು ಓಟಕ್ಕೆ. ಕಡೂರಿನಲ್ಲಿ ಗ್ಯಾರೇಜು ಇಟ್ಟಿದ್ದಾಗ ನಮ್ಮ ಯಜಮಾನರು ಕೊಂಡು ತಾವೇ ರಿಪೇರಿ ಮಾಡಿಕೊಂಡಿದ್ದರು. ಹೋದ ವರ್ಷ ಪಾಲಾಗಿ ಶೆಡ್ಡಿನ ಅರ್ಧ ಮೈದುನನಿಗೆ ಹೋಯಿತು. ಒಂದು ಕಾರು ಮಾರಲೇಬೇಕಾಯಿತು.

ಹಳೆ ಕಾರು ಕೂಡಿಡುವ ಹುಚ್ಚಿನವನೊಬ್ಬ ಬಂದ. ಎರಡನ್ನೂ ಓಡಿಸಿ ನೋಡಿ ಒಂದನ್ನು ಆರಿಸುತ್ತೇನೆ ಎಂದ. ಯಜಮಾನರ ಜೀವ ಜರ್ಮನಿಯದರ ಮೇಲೆ. ಬಾಯಿಬಿಟ್ಟರೆ ಅವನಿಗೂ ಅದರ ಮೇಲೇ ಆಸೆ ಹುಟ್ಟೀತೆಂದು ಸುಮ್ಮನಿದ್ದರು. ಹಿಂದೆ ಕೂತವರಿಗೆ ಹೇಗಿರುತ್ತದೋ ನೋಡೋಣ ಎಂದು ನನ್ನನ್ನೂ ಹತ್ತಿಸಿಕೊಂಡರು.

ಮೊದಲು ಜರ್ಮನಿಯದರಲ್ಲಿ ತರೀಕೆರೆಗೆ ಹೋಗಿ ಬಂದೆವು. ಬಾಗಿಲು ಹಾಕಿದೊಡನೆ ಹೊರಗಿನ ಸದ್ದೆಲ್ಲ ನಿಂತಿತು. ಮಂಜಿನಲ್ಲಿ ಈರುಳ್ಳಿ ಹೊಲಗಳು ನೀರಿನ ಹಾಗೆ ಹಿಂದಕ್ಕೆ ಹರಿದವು. ತಿರುವಿನಲ್ಲೂ ಕಾರು ನೆಲ ಬಿಡಲಿಲ್ಲ. ನಾನು ಕೂತಿದ್ದೆನೋ ತೇಲುತ್ತಿದ್ದೆನೋ, ತಿಳಿಯಲಿಲ್ಲ. ಆಮೇಲೆ ಅದೇ ದಾರಿಯಲ್ಲಿ ಜಪಾನಿನದು. ಇದು ಹಗುರ. ಇಂಜಿನ್ನಿನ ದನಿ ಏರುತ್ತಲೇ ಹೋಯಿತು, ಮರಗಳು ಒಂದರೊಳಗೊಂದು ಕಲೆತವು. ಎದೆಯೊಳಗೆ ಏನೋ ನಡುಗಿತು. ಅದೂ ಚೆನ್ನಾಗಿಯೇ ಇತ್ತು.

"ನಿಮಗ್ಯಾವ್ದು ಹಿಡಿಸ್ತಮ್ಮಾ?" ಬಂದವನು ಕೇಳಿದ.

"ಅದ್ರಲ್ಲಿ ನಿದ್ದೆ ಬಂತು, ಇದ್ರಲ್ಲಿ ಬಿಡ್ತು. ಅಷ್ಟೇ ಕಣಪ್ಪಾ."

ಅವನು ನಕ್ಕ. "ಹಂಗಾದ್ರೆ ಜರ್ಮನಿದೇ ತಗೋತೀನಿ."

ಯಜಮಾನರ ಮುಖ ಇಳಿದುಹೋಯಿತು. ಅವನು ಆ ಕಾರನ್ನು ಒಂದು ಸುತ್ತು ಬಂದು ಬಾನೆಟ್ಟಿನ ಮುಂದೆ ಬಗ್ಗಿದ.

"ಇದೇನ್ರೀ ಯಜಮಾನ್ರೇ, ಮೂರು ಗೀರು?"

"ಗೀರಲ್ಲ ಸ್ವಾಮಿ, ವಿಭೂತಿ. ಸೋಮವಾರ ಸೋಮವಾರ ಹಚ್ತೀನಿ."

ಹಚ್ಚುವುದು, ಮಾರನೆಯ ದಿನ ಒಣಬಟ್ಟೆಯಲ್ಲಿ ಉಜ್ಜುವುದು. ವರ್ಷಾನುಗಟ್ಟಲೆ ಉಜ್ಜಿ ಉಜ್ಜಿ ಆ ಮೂರು ಗೆರೆಗಳಲ್ಲಿ ಬಣ್ಣವೇ ಸವೆದು ಒಳಗಿನ ಬೂದುಬಣ್ಣ ಕಾಣುತ್ತಿತ್ತು.

"ಜಪಾನಿದಕ್ಕೂ ಹಚ್ಚಿದೀರಾ?" ಅವನು ಗಾಬರಿಯಾದ.

"ಅದಕ್ಕೆ ಒಂದು ತೆಂಗಿನಕಾಯೂ ಒಡ್ದಿಲ್ಲ ಇವ್ರು. ಮಲಮಗನ ಥರ ನೋಡ್ಕೊಂಡವ್ರೆ," ಎಂದೆ.

"ಮತ್ತೆ ಬಣ್ಣ ಹೊಡೆದ್ರೆ ಕಾರಿಗೆ ನಮ್ಮಂಥೋರ ಹತ್ರ ಬೆಲೆ ಇಲ್ಲಮ್ಮ. ಫ್ಯಾಕ್ಟರೀಲಿ ಹಚ್ಚಿದ ಬಣ್ಣವೇ ಇರ್ಬೇಕು." ಜಪಾನಿನದನ್ನೇ ಕೊಂಡು ಹೊರಟ.

ಬಿಸಿಲೇರಿತ್ತು. ಕಾರು ಕಣ್ಣಿಗೆ ಮರೆಯಾಯಿತು, ಸದ್ದು ಮಾತ್ರ ತರೀಕೆರೆ ದಾರಿಯಲ್ಲಿ ಏರುತ್ತಾ ಏರುತ್ತಾ ಸಣ್ಣ ನೂಲಿನಂತಾಗಿ ಉಳಿಯಿತು. ಯಜಮಾನರು ಬೀದಿಯಲ್ಲೇ ನಿಂತಿದ್ದರು.

"ಏನ್ ಇಂಜಿನ್ನು ಕಣೇ ಅದು! ಅದ್ನೇ ಉಳಿಸ್ಕೋಬೇಕಿತ್ತು."

"ಬನ್ರೀ ಒಳಕ್ಕೆ," ಎಂದೆ.

ಬರಲಿಲ್ಲ. ಆ ನೂಲು ಹರಿಯುವ ತನಕ ನಿಂತೇ ಇದ್ದರು. ನಾನೂ ಒಳಗೆ ಹೋಗಲಿಲ್ಲ.