ಮೂರನೆಯ ಹೆಸರು

ಮರಾಠಿ ನಾಡಿನ ಧನಕವಡಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಝೆರಾಕ್ಸ್ ತೆಗೆಯುತ್ತೇನೆ, ಆನ್‌ಲೈನ್ ಅರ್ಜಿ ತುಂಬಿಕೊಡುತ್ತೇನೆ. ಇರುವುದು ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಎರಡು ಖಾತೆ. ಒಂದು ಎಲ್ಲ ಅಧಿಕಾರವಿರುವ ನನ್ನದು, ಇನ್ನೊಂದು ‘ಗಿರಾಕಿ’. ಗಿರಾಕಿಯಲ್ಲಿ ಕೂತವರು ಅರ್ಜಿ ತುಂಬಬಹುದು, ಪ್ರಿಂಟ್ ತೆಗೆಯಬಹುದು. ನನ್ನ ಫೈಲುಗಳನ್ನು ಮುಟ್ಟುವಂತಿಲ್ಲ. ಈ ಏರ್ಪಾಡಿನ ಬಗ್ಗೆ ನನಗೆ ಎಂಥಾ ಜಂಬವಿತ್ತು ಅಂತೀರಿ!

ಆ ಫೈಲುಗಳೆಂದರೆ ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವ ನಮ್ಮ ಜನರ ಕಾಗದಪತ್ರ. ಅವರಿರುವುದು ತಗಡಿನ ಶೆಡ್ಡಿನಲ್ಲಿ. ಮಳೆ ಬಂದರೆ ಆಧಾರ್ ಕಾರ್ಡೂ ತೋಯುತ್ತದೆ, ಪಾಸ್‌ಬುಕ್ಕೂ ತೋಯುತ್ತದೆ. ಅದಕ್ಕೇ ಎಲ್ಲರದ್ದನ್ನೂ ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೆ. ಯಾರೂ ಹೇಳಿರಲಿಲ್ಲ, ನಾನೇ ಶುರುಮಾಡಿದ್ದು.

ಅಪ್‌ಡೇಟ್ ಮಾಡು ಎಂದು ಲ್ಯಾಪ್‌ಟಾಪ್ ಎರಡು ವಾರದಿಂದ ಕೇಳುತ್ತಿತ್ತು. ಮಾಡಿದರೆ ಅರ್ಧ ಗಂಟೆ ಕೆಲಸ ಬಂದ್, ಹೊರಗೆ ಪಾಳಿ. ಪ್ರತಿ ಸಲವೂ ‘ಆಮೇಲೆ’ ಎಂದು ಒತ್ತಿದೆ, ಮೂರ್ಖಳು.

ಒಂದು ಸೋಮವಾರ ಬೆಳಿಗ್ಗೆ ತೆರೆದರೆ ಪರದೆಯ ಮೇಲೆ ಮೂರು ಹೆಸರು! ನನ್ನದು, ಗಿರಾಕಿ, ಮತ್ತೆ ನಾನು ಇಡದ ಇನ್ನೊಂದು. ಮೇಲಿನ ಮಹಡಿಯಲ್ಲಿ ಮೈಸೂರು ಕಡೆಯ ಹುಡುಗಿಯೊಬ್ಬಳಿದ್ದಾಳೆ, ಐಟಿ ಕಂಪನಿಯಲ್ಲಿ ಕಂಪ್ಯೂಟರ್ ಸೆಕ್ಯುರಿಟಿ ಕೆಲಸ. ಓಡಿಹೋಗಿ ಕರೆತಂದೆ. ಬಂದವಳೇ ಮೊದಲು ಇಂಟರ್‌ನೆಟ್ ಕಿತ್ತಳು, ಆಮೇಲೆ ಬಹಳ ಹೊತ್ತು ತಡಕಾಡಿದಳು.

“ಆಂಟಿ, ಶನಿವಾರ ಯಾರೋ ಗಿರಾಕಿ ಅಕೌಂಟಲ್ಲಿ ಪೆನ್‌ಡ್ರೈವ್ ಹಾಕಿ ಒಂದು ಪ್ರೋಗ್ರಾಂ ಓಡಿಸಿದಾರೆ. ಸಿಸ್ಟಮ್ಮಲ್ಲೇ ಒಂದು ದೋಷ ಇತ್ತು. ಅದನ್ನ ಹಿಡ್ಕೊಂಡು ಅಡ್ಮಿನ್ ಆಗ್ಬಿಟ್ಟಿದಾರೆ. ಈಗ ನಿಮಗಿರೋ ಅಧಿಕಾರ ಎಲ್ಲಾ ಅವರಿಗೂ ಇದೆ.”

“ನನ್ನ ಪಾಸ್‌ವರ್ಡ್ ದೇವರಿಗೂ ಹೇಳಿಲ್ಲವ್ವಾ ನಾನು!”

“ಅದು ಬೇಕಾಗೇ ಇಲ್ಲ ಆಂಟಿ. ಆ ದೋಷ ಮುಚ್ಚೋಕೇ ಅಪ್‌ಡೇಟ್ ಬಂದಿದ್ದು.”

ಶನಿವಾರ ಬಂದವನ ನೆನಪಾಯಿತು. ಇಸ್ತ್ರಿ ಅಂಗಿ, ನಯವಾದ ಮಾತು. “ಮ್ಯಾಡಮ್, ಪಾಚ್ ಮಿನಿಟ ಬಸೂ ಕಾ?” ಐದು ನಿಮಿಷ ಕೂರಲೇ ಎಂದು ಕೇಳಿದ್ದ. ಕುರ್ಚಿ ಎಳೆದು ಕೊಟ್ಟವಳು ನಾನೇ.

“ನಮ್ಮವರ ಕಾಗದ?”

“ಕಾಪಿ ಆಗಿದೆ ಅಂತಾನೇ ತಿಳ್ಕೊಳ್ಳಿ. ಎಲ್ರಿಗೂ ಇವತ್ತೇ ಹೇಳ್ಬಿಡಿ.”

ಇವರ ಹೆಸರಲ್ಲಿ ಯಾರೋ ಸಿಮ್ ತಗೊಂಡು ಏನೋ ಮೋಸ ಮಾಡಿದರೆ ಪೊಲೀಸರು ಬರುವುದು ಇವರ ಶೆಡ್ಡಿಗೆ. ಮರಾಠಿಯಲ್ಲಿ ‘ನಾನಲ್ಲ’ ಎನ್ನಲೂ ಇವರಲ್ಲಿ ಎಷ್ಟೋ ಜನರಿಗೆ ಬರುವುದಿಲ್ಲ. ಬ್ಯಾಂಕಿನವರು ಕೇಳಿದರೆ? ಊರಿಗೆ ಸುದ್ದಿ ಹೋದರೆ? ಅಂಗಡಿಗೆ ಬೀಗ ಹಾಕಿದೆ.

ಮಧ್ಯಾಹ್ನ ಕಟ್ಟಡದ ಸೈಟಿನಲ್ಲಿರುವ ಅವರ ಶೆಡ್ಡುಗಳಿಗೆ ಹೋದೆ. ಎಲ್ಲರಿಗಿಂತ ಮೊದಲು ನನಗೆ ಕಾಗದ ಕೊಟ್ಟಿದ್ದವಳು ಮಗಳಿಗೆ ಉಣ್ಣಿಸುತ್ತಿದ್ದಳು. ಅಳುತ್ತಲೇ ಎಲ್ಲ ಹೇಳಿದೆ.

“ಕಾಗದ ಕಳದ್ವೇನ್ರಿ ಅಕ್ಕಾರ?”

“ಇಲ್ಲವ್ವಾ, ನನ್ನ ಹತ್ರ ಅದಾವ. ಆದ್ರ ಅವನ ಹತ್ರಾನೂ ಅದಾವ.”

“ನಿಮ್ಮ ಹತ್ರ ಅದಾವಲ್ಲ! ಮತ್ಯಾಕ ಇಷ್ಟ ಅಂಜತೀರಿ?”

ಎದ್ದು ಟ್ರಂಕು ತೆಗೆದಳು. ಪ್ಲಾಸ್ಟಿಕ್ ಚೀಲದಿಂದ ಮಗಳ ಜನನ ಪ್ರಮಾಣಪತ್ರ ಬಿಡಿಸಿ ನನ್ನ ಮುಂದೆ ಹಿಡಿದಳು.

“ಇದನ್ನೂ ಇಟ್ಕೊಂಡ್‌ಬಿಡ್ರಿ. ಇಲ್ಲಿ ಭಾಳ ಸೋರತದ.”

ಕೈ ಚಾಚಲು ನನಗೆ ಧೈರ್ಯವಾಗಲಿಲ್ಲ.