ಕಿಟಕಿ ಮುಚ್ಚಿದ್ದು ನಾನು

ಹತ್ತಿಯ ನೂಲಿಗೆ ಒಣಗಾಳಿ ಆಗಿಬರುವುದಿಲ್ಲ. ಎಳೆ ಪಟಪಟನೆ ಕಡಿಯುತ್ತದೆ. ಅದಕ್ಕೇ ಸೊಲ್ಲಾಪುರದ ನಮ್ಮಂಥ ಟವೆಲ್ ಶೆಡ್ಡುಗಳಲ್ಲಿ ಬೇಸಿಗೆ ಬಂತೆಂದರೆ ಕಿಟಕಿ ಮುಚ್ಚಿ, ನೆಲಕ್ಕೆ ನೀರು ಹೊಡೆದು, ಹಸಿ ಗೋಣಿಚೀಲ ತೂಗುಹಾಕಿ ಮಗ್ಗ ಓಡಿಸುತ್ತೇವೆ. ಏಳನೇ ಇಯತ್ತೆಗೇ ಸಾಲಿ ಬಿಡಿಸಿ ಅಪ್ಪ ನನಗೆ ಕಲಿಸಿದ ಮೊದಲ ಪಾಠ ಇದು. ತಮ್ಮ ಕಾಲೇಜು ಕಲಿತ. ಅಪ್ಪನ ನಂತರ ಅಕ್ಕಲಕೋಟೆ ರಸ್ತೆಯ ಹನ್ನೆರಡು ಮಗ್ಗಗಳನ್ನು ನಾವಿಬ್ಬರೂ ಕೂಡಿ ನಡೆಸುತ್ತಿದ್ದೆವು. ಮಗ್ಗ ಓಡಿಸುವುದು ಅವನದು, ಮಾಲು ಕಳಿಸುವುದು ನನ್ನದು.

ಆ ಬೇಸಿಗೆಯಲ್ಲಿ ಮುಂಬೈಯ ರಫ್ತು ವ್ಯಾಪಾರಿ ಫೋನ್ ಮಾಡಿದ. ಅಮೆರಿಕದವರು ಟವೆಲ್ಲಿನ ಮೇಲೆ ಹೊಸ ಸುಂಕ ಹಾಕುವವರಿದ್ದಾರೆ, ಅದಕ್ಕೆ ಮುಂಚೆ ಮಾಲು ಅಲ್ಲಿ ಮುಟ್ಟಬೇಕು. ಕೆಂಪು ಸಮುದ್ರದಲ್ಲಿ ಗುಂಡು ಹಾರುತ್ತಿವೆ, ಹಡಗು ಆಫ್ರಿಕಾ ಸುತ್ತಿ ಹೋಗಬೇಕು, ದಿನ ಹೆಚ್ಚು ಹಿಡಿಯುತ್ತದೆ. ಆದ್ದರಿಂದ ಒಂಬತ್ತು ದಿನದಲ್ಲಿ ಮಾಲು ಕೊಡಿ, ತಡವಾದರೆ ಬೇಡ ಎಂದ. ಇಷ್ಟರಲ್ಲಿ ನನ್ನ ತಲೆಗೆ ಹೊಕ್ಕದ್ದು ಕೊನೆಯ ಮಾತೊಂದೇ. ಒಂದೊಂದು ಮಗ್ಗಕ್ಕೂ ಆ ವ್ಯಾಪಾರಿ ಸಣ್ಣ ಪೆಟ್ಟಿಗೆಯೊಂದನ್ನು ಕೂಡಿಸಿದ್ದ. ಮಗ್ಗ ನಿಂತರೆ ಅಲ್ಲಿ ಅವನ ಫೋನಿನಲ್ಲಿ ಕೆಂಪು ಕಾಣುತ್ತಿತ್ತು, ಇಲ್ಲಿ ನನ್ನ ಫೋನ್ ಬಾರಿಸುತ್ತಿತ್ತು.

ಆರನೆಯ ದಿನ ಮಧ್ಯಾಹ್ನ ಮಗ್ಗಗಳು ಒಂದರ ಹಿಂದೊಂದು ನಿಲ್ಲತೊಡಗಿದವು. ಒಳಗೆ ಹೋಗಿ ನೋಡಿದರೆ ತಮ್ಮ ಎರಡೂ ಕಿಟಕಿ ತೆರೆದಿಟ್ಟು ಸರಳಿಗೆ ಹಣೆ ಹಚ್ಚಿ ನಿಂತಿದ್ದ.

“ಯಾಕೋ, ನೂಲೆಲ್ಲಾ ಕಡದು ಹೊಂಟದ, ಕಾಣಂಗಿಲ್ಲೇನು?”

“ಅಕ್ಕಾ, ತಲಿ ಗಿರಗಿರ ತಿರಗಾಕತ್ತದ. ಬೆವರೂ ನಿಂತದ. ಜರಾ ಗಾಳಿ ಬರಲಿ.”

ಮಗ್ಗ ರಿಪೇರಿ ಮಾಡುವ ಮುದುಕ ಮಾಮಾ ಅಲ್ಲೇ ಕೂತಿದ್ದ. “ಅಕ್ಕಾರ, ನೂಲಿಗಿ ಹಸಿ ಬೇಕು, ಮನಷ್ಯಾಗ ಗಾಳಿ ಬೇಕು. ಇಬ್ಬರ್ನೂ ಒಂದ ಖೋಲ್ಯಾಗ ಸಂಸಾರಕ್ಕ ಹಚ್ಚೀರಿ, ಹ್ಯಾಂಗ ಹೊಂದತದ?” ಎಂದು ನಕ್ಕ.

ಫೋನ್ ಬಾರಿಸಿತು.

“ನೀವು ಸುಮ್ಮ ಕೂಡ್ರಿ ಮಾಮಾ. ಇಂವಾ ಕಾಲೇಜಿನ ಫ್ಯಾನಿನ ಕೆಳಗ ಬೆಳದಾಂವ. ಅಪ್ಪ ಇದ ಶೆಡ್‌ನ್ಯಾಗ ಮೂವತ್ತು ಬ್ಯಾಸಿಗಿ ತಗದಾನ, ಒಂದಿನ ಖಿಡಕಿ ಕೇಳಲಿಲ್ಲ.” ಹೀಗೆನ್ನುತ್ತ ಕಿಟಕಿಗಳನ್ನು ಎಳೆದು ಚಿಲಕ ಹಾಕಿದೆ. “ಮೂರು ದಿನ ತಡಕೋ. ಆಮ್ಯಾಲ ಬೇಕಾದ್ರ ಥಂಡ ಗಾಳಿಗಿ ಮಹಾಬಳೇಶ್ವರಕ್ಕ ಹೋಗು.”

ಅವನು ಸರಳು ಬಿಟ್ಟು, ಕಡಿದ ಎಳೆ ಗಂಟುಹಾಕಲು ಹೋದ.

ಅಪ್ಪನ ಕಾಲದ ಬಿಸಿಲು ಬೇರೆ, ಈಗಿನದು ಬೇರೆ. ಇದು ನನಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಧ್ಯಾಹ್ನವಾದರೆ ನಾನೇ ಕೂಲರ್ ಇದ್ದ ಆಫೀಸು ಖೋಲಿ ಬಿಟ್ಟು ಏಳುತ್ತಿರಲಿಲ್ಲ. ಆ ದಿನವೂ ಅಲ್ಲಿಗೇ ಹೋಗಿ ಕೂತೆ.

ತಾಸಿನ ಮೇಲೆ ಮಾಮಾ ಕೂಗಿದ. ತಮ್ಮ ಎರಡು ಮಗ್ಗಗಳ ನಡುವೆ ಬಿದ್ದಿದ್ದ. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು. ಏನೇನೋ ತೊದಲುತ್ತಿದ್ದ, ನನ್ನನ್ನು ಗುರುತಿಸಲಿಲ್ಲ. ಬಕೆಟ್ಟಿನ ನೀರು ಸುರಿದು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದೆವು. ಉಷ್ಣ ಬಡಿದಿದೆ, ಬೆವರು ನಿಂತಾಗಲೇ ತರಬೇಕಿತ್ತು ಎಂದರು ಡಾಕ್ಟರು.

ಅಕ್ಕಲಕೋಟೆಯಲ್ಲಿ ಸಾಲಿಯ ಗುಮಾಸ್ತೆಯಾಗಿರುವ ಅವನ ಹೆಂಡತಿ ಸಂಜೆಗೆ ಓಡಿ ಬಂದಳು. “ಏನಾತ್ರಿ ಅಕ್ಕಾರ? ಒಳಗ ಗಾಳಿ ಇರಲಿಲ್ಲೇನು?” ಎಂದು ಕೇಳಿದಳು. ನನ್ನ ಬಾಯಿಂದ ಬಂದದ್ದು ಇದು: “ನೂಲು ಕಡೀತದಂತ ಅಂವನೇ ಖಿಡಕಿ ಮುಚ್ಚಿದ. ನಾ ಬ್ಯಾಡ ಅಂದೆ, ಕೇಳಲಿಲ್ಲ.”

ಮಾಮಾ ಪಕ್ಕದಲ್ಲೇ ನಿಂತಿದ್ದ. ನನ್ನ ಮುಖ ನೋಡಿದ, ಆಮೇಲೆ ತನ್ನ ಚಪ್ಪಲಿ ನೋಡಿಕೊಂಡ. ಮರುವಾರದಿಂದ ಕೆಲಸಕ್ಕೆ ಬರಲಿಲ್ಲ.

ಅವನು ಬಿದ್ದ ನಾಲ್ಕನೆಯ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತಿದ್ದಾಗ ವ್ಯಾಪಾರಿಯ ಫೋನ್ ಬಂತು. ಅಮೆರಿಕದವರು ಸುಂಕದ ಗಡುವನ್ನು ಮುಂದೂಡಿದ್ದಾರಂತೆ. ಈಗ ಗಡಬಡಿ ಇಲ್ಲ, ಸಾವಕಾಶ ಕಳಿಸಿ ಎಂದ. ಬಾಗಿಲಾಚೆ ತಮ್ಮನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

ಅವನು ಉಳಿದ. ಆದರೆ ಗೋಡೆ ಹಿಡಿದೇ ನಡೆಯಬೇಕು, ನಾಲಿಗೆ ದಪ್ಪವಾಗಿದೆ. ಆ ಮಧ್ಯಾಹ್ನ ಅವನ ನೆನಪಿನಲ್ಲೇ ಇಲ್ಲ. ನಾನು ಹೇಳಿದ್ದನ್ನೇ ನಂಬಿದ್ದ. ಪ್ರತಿ ರವಿವಾರ ನಾನು ಅಕ್ಕಲಕೋಟೆಗೆ ಹೋದಾಗ ಮನೆಗೆ ಬಂದವರ ಮುಂದೆ, “ನಾನ ಖಿಡಕಿ ಮುಚ್ಚಿದೆ, ನಾನ ಬಿದ್ದೆ. ಭಾಳ ಶ್ಯಾಣ್ಯಾ ನಾ!” ಎಂದು ತನ್ನನ್ನೇ ಹಾಸ್ಯ ಮಾಡಿಕೊಳ್ಳುತ್ತಿದ್ದ. ಹೆಂಡತಿ ದಿನವೂ “ಹುಚ್ಚನಂಗ ಖಿಡಕಿ ಮುಚ್ಚಿದಿ” ಎಂದು ಅವನನ್ನು ಚುಚ್ಚುತ್ತಿದ್ದಳು. ವರ್ಷವಿಡೀ ನಾನು ಅದನ್ನು ಕೇಳುತ್ತ ಅವರ ಮನೆಯ ಚಹಾ ಕುಡಿದೆ.

ಕಳೆದ ರವಿವಾರ ಅವನು ನನ್ನ ಕೈ ಹಿಡಿದು, “ಅಕ್ಕಾ, ನನ್ನಿಂದ ನಿನಗೂ ತ್ರಾಸ ಆತು. ಮಾಫ ಮಾಡು” ಎಂದ.

ಆಗ ಹೇಳಿದೆ. ಒಂದನ್ನೂ ಬಿಡದೆ ಹೇಳಿದೆ.

ಅವನು ಕೇಳಿದ: “ನಾ ಏನಂದಿದ್ದೆ?”

“ಬೆವರು ನಿಂತದ ಅಂದಿದ್ದಿ.”

“ನೀ?”

“ತಡಕೋ ಅಂದೆ.”

ಅವನು ನನ್ನ ಕೈ ಬಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿದ. ಆ ದಪ್ಪ ನಾಲಿಗೆಯಲ್ಲಿ ಒಂದೊಂದೇ ಅಕ್ಷರ ಎತ್ತಿಟ್ಟು ಹೇಳಿದ: “ಕೇಳಿದೇನು? ನಾ ಹೇಳಿದ್ದೆ. ನಾ ಹುಚ್ಚ ಅಲ್ಲ.”

ಅವಳು ಬಂದು ಅವನ ಪಕ್ಕ ಕೂತಳು. ನನ್ನ ಕಡೆ ನೋಡದೆ, “ಅಕ್ಕಾರ, ನಿಮ್ಮ ಬಸ್ಸಿನ ಹೊತ್ತಾತು” ಎಂದಳು. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ನಾನು ಎದ್ದು ಹೊರಟೆ.